‘ಈಗಲೇ ಆಪರೇಷನ್ ಬೇಡ’ ಎಂದರೆ ಕೈಬಿಟ್ಟರು ಎಂದಲ್ಲ



ಈ ಸಲ ಅಂಚೆಯಲ್ಲಿ ಬಂದ ಕಾಗದಗಳಲ್ಲಿ ಒಂದನ್ನು ಓದಿ ಬಹಳ ಹೊತ್ತು ಸುಮ್ಮನೆ ಕೂತುಬಿಟ್ಟೆ. ಹೆಸರು, ಊರು ಹಾಕಬೇಡಿ ಎಂದು ಬರೆದಿದ್ದಾರೆ, ಹಾಗೇ ಆಗಲಿ. ಅವರ ಯಜಮಾನರಿಗೆ 56 ವರ್ಷ. ಆರು ತಿಂಗಳಿಂದ ‘ಗ್ಯಾಸು’ ಎಂದು ಮಾತ್ರೆ ನುಂಗಿದ್ದಾಯಿತು. ತೂಕ ಇಳಿದ ಮೇಲೆ ಎಂಡೋಸ್ಕೋಪಿ ಮಾಡಿಸಿದರೆ ಜಠರದಲ್ಲಿ ಕ್ಯಾನ್ಸರ್. ಸ್ಕ್ಯಾನ್ ಮಾಡಿಸಿದರೆ ಎಡಗಡೆಯ ಅಡ್ರಿನಲ್ ಗ್ರಂಥಿಯಲ್ಲೂ ಒಂದು ಗಂಟು. ಡಾಕ್ಟರು, “ಈಗಲೇ ಆಪರೇಷನ್ ಬೇಡ. ಮೊದಲು ಕೀಮೋ ಕೊಡೋಣ, ಆಮೇಲೆ ನೋಡೋಣ” ಎಂದರಂತೆ. ಮನೆಯಲ್ಲಿ ಮೈದುನನ ಮಾತೇ ಬೇರೆ. “ಕೊಯ್ಯೋಲ್ಲ ಅಂದ್ರೆ ಆಸೆ ಬಿಟ್ಟಿದ್ದಾರೆ ಅಂತ ಅರ್ಥ ಅತ್ತಿಗೆ. ಬೇರೆ ಕಡೆ ಹೋಗೋಣ. ಎಷ್ಟಾದರೂ ಆಗಲಿ, ತೆಗೆಸಿಬಿಡೋಣ. ತೋಟ ಮಾರಿದರಾಯಿತು” ಅಂತಾರಂತೆ. “ಅಕ್ಕಾ, ನಾನು ಯಾರ ಮಾತು ಕೇಳಲಿ?” ಎಂದು ಆ ತಾಯಿ ಕೇಳಿದ್ದಾರೆ.

ನಾನು ಎಸ್.ಎಸ್.ಎಲ್.ಸಿ. ಓದಿದವಳು, ಡಾಕ್ಟರಲ್ಲ. ಆದರೆ ಇದೇ ಗ್ರಂಥಿಯ ಹೆಸರು ನಮ್ಮ ಮನೆಯಲ್ಲೂ ಕೇಳಿಬಂದಿತ್ತು. ನನ್ನ ವಾರಗಿತ್ತಿ, ನಾನು ಅಕ್ಕ ಅಂತಲೇ ಕರೆಯುತ್ತಿದ್ದವರು, ಐದು ವರ್ಷ ಈ ಕಾಯಿಲೆಯೊಡನೆ ಬಾಳಿದರು. ಅರಸೀಕೆರೆಯಿಂದ ಬೆಂಗಳೂರಿಗೆ ರೈಲು ಹತ್ತಿ ಅವರ ಜತೆಗೆ ಹೋಗುತ್ತಿದ್ದವಳು ನಾನೇ. ಅಲ್ಲಿ ಡಾಕ್ಟರುಗಳನ್ನು ಕೇಳಿ ತಿಳಿದದ್ದು, ಆಮೇಲೆ ಓದಿ ತಿಳಿದದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ. ಅಡುಗೆ ಪುಟಕ್ಕೆ ಮೊದಲು ಇದನ್ನು ಓದಿಬಿಡಿ. ಯಾರ ಮನೆಗೆ ಯಾವಾಗ ಬೇಕಾಗುತ್ತದೋ ಹೇಳಲಾಗದು.

ಮೊದಲು ಈ ಗ್ರಂಥಿಯ ವಿಷಯ. ಕಿಡ್ನಿ ಎಲ್ಲರಿಗೂ ಗೊತ್ತು. ಎರಡು ಕಿಡ್ನಿಗಳ ನೆತ್ತಿಯ ಮೇಲೆ ಒಂದೊಂದು ಟೋಪಿ ಇಟ್ಟ ಹಾಗೆ ಇರುವುದೇ ಅಡ್ರಿನಲ್ ಗ್ರಂಥಿ. ಒಂದೊಂದರ ತೂಕ ನಾಲ್ಕೈದು ಗ್ರಾಂ, ಅಂದರೆ ಒಂದು ಟೀ ಚಮಚ ಸಕ್ಕರೆಯಷ್ಟು. ಕೆಲಸ ಮಾತ್ರ ದೊಡ್ಡದು. ಮೈಯ ಉಪ್ಪು, ನೀರು, ರಕ್ತದೊತ್ತಡ ಹದದಲ್ಲಿಡುವುದು, ಜ್ವರ ಬಂದಾಗ, ಗಾಬರಿಯಾದಾಗ ದೇಹ ತಡೆದುಕೊಳ್ಳುವಂತೆ ಮಾಡುವುದು ಇವುಗಳೇ. ಎಡಗಡೆಯದು ಜಠರದ ಹಿಂದೆ ಮೇದೋಜೀರಕದ ಬಾಲದ ಹತ್ತಿರ ಇದೆ. ಬಲಗಡೆಯದು ಯಕೃತ್ತಿಗೂ ದೊಡ್ಡ ರಕ್ತನಾಳಕ್ಕೂ ಅಂಟಿಕೊಂಡ ಹಾಗೆ ಇದೆ. ಹೀಗಾಗಿ ಯಾವ ಕಡೆಯ ಗ್ರಂಥಿ ಎಂಬುದರ ಮೇಲೆ ಆಪರೇಷನ್ನಿನ ಕಷ್ಟವೂ ಬೇರೆ ಬೇರೆ.

ಇಲ್ಲಿ ಒಂದು ಮುಖ್ಯ ಮಾತು. ಗ್ರಂಥಿಯಲ್ಲಿ ಗಂಟು ಕಂಡ ಮಾತ್ರಕ್ಕೆ ಕ್ಯಾನ್ಸರ್ ಹರಡಿದೆ ಎಂದು ಗಟ್ಟಿ ಮಾಡಿಕೊಳ್ಳಬಾರದು. ಕ್ಯಾನ್ಸರಿನ ಸುದ್ದಿಯೇ ಇಲ್ಲದ ಆರೋಗ್ಯವಂತರಲ್ಲೂ, ವಯಸ್ಸಾದಂತೆಲ್ಲ, ನಿರುಪದ್ರವಿ ಗಂಟು ಈ ಗ್ರಂಥಿಯಲ್ಲಿ ಬೆಳೆಯುವುದುಂಟು. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಅದು ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಡಾಕ್ಟರು ಸ್ಕ್ಯಾನನ್ನು ಮತ್ತೆ ಕೂಲಂಕಷವಾಗಿ ನೋಡುತ್ತಾರೆ. ಪೆಟ್ ಸ್ಕ್ಯಾನ್ ಮಾಡಿಸಬಹುದು. ರಕ್ತ, ಮೂತ್ರ ಪರೀಕ್ಷೆ ಮಾಡಿ ಆ ಗಂಟು ಹಾರ್ಮೋನು ಸುರಿಸುತ್ತಿದೆಯೋ ಎಂದು ನೋಡುತ್ತಾರೆ. ಈ ಪರೀಕ್ಷೆ ಬಹಳ ಅಗತ್ಯ. ಅಡ್ರಿನಲಿನ್ ಸುರಿಸುವ ಒಂದು ಜಾತಿಯ ಗಂಟಿದೆ. ಅದನ್ನು ತಿಳಿಯದೆ ಸೂಜಿ ಚುಚ್ಚಿದರೆ, ಕತ್ತಿ ಮುಟ್ಟಿಸಿದರೆ ರಕ್ತದೊತ್ತಡ ಒಮ್ಮೆಗೇ ಜೀವ ತೆಗೆಯುವಷ್ಟು ಏರಬಹುದು. “ಇನ್ನೂ ಏನೇನೋ ಟೆಸ್ಟ್ ಬರೀತಾರೆ, ದುಡ್ಡು ಕೀಳೋಕೆ” ಎಂದು ಇಂತಹ ಪರೀಕ್ಷೆಯ ಬಗ್ಗೆ ಗೊಣಗಬೇಡಿ.

ಸರಿ, ಹರಡಿದೆ ಎಂದೇ ಖಚಿತವಾಯಿತು ಅಂದುಕೊಳ್ಳಿ. ಒಂದು ಗಂಟು ಜಠರದಲ್ಲಿ, ಇನ್ನೊಂದು ಗ್ರಂಥಿಯಲ್ಲಿ. ಎರಡನ್ನೂ ಕೊಯ್ದು ತೆಗೆದರೆ ಮುಗಿಯಿತಲ್ಲ? ನಮಗೆ ಹಾಗನ್ನಿಸುವುದು ಸಹಜ. ಸೊಪ್ಪು ಸೋಸುವಾಗ ಕೊಳೆತ ಎಲೆ ಕಂಡರೆ ಚಿವುಟಿ ಬಿಸಾಡುವ ಕೈ ನಮ್ಮದು. ಆದರೆ ಈ ಕಾಯಿಲೆ ಸೊಪ್ಪಿನ ಕಟ್ಟಿನಂತಲ್ಲ. ಕಣದಲ್ಲಿ ರಾಗಿ ತೂರುವುದನ್ನು ನೀವು ನೋಡಿರುತ್ತೀರಿ. ಗಾಳಿ ಜೋರಾಗಿ ಬಂದರೆ ಕಾಳು ಬೇಲಿಯ ಆಚೆಗೂ ಹೋಗುತ್ತದೆ. ಮಳೆ ಬಿದ್ದ ಮೇಲೆ ಅಲ್ಲೊಂದು ಮೊಳಕೆ ಕಂಡಿತೆನ್ನಿ. ಅದೊಂದೇ ಕಾಳು ಹಾರಿ ಬಂದದ್ದು ಎಂದು ಯಾರು ಹೇಳಬಲ್ಲರು? ಮಣ್ಣಿನೊಳಗೆ ಇನ್ನೂ ನಾಲ್ಕು ಇರಬಹುದು. ಜಠರದ ಕ್ಯಾನ್ಸರ್ ರಕ್ತದ ಮೂಲಕ ಅಡ್ರಿನಲ್ ಗ್ರಂಥಿಯವರೆಗೆ ಹೋಗಿದೆ ಎಂದರೆ, ಕಣ್ಣಿಗೆ ಕಾಣದ ಕಣಗಳು ಯಕೃತ್ತು, ಹೊಟ್ಟೆಯ ಒಳಪೊರೆ, ಎಲುಬುಗಳಿಗೂ ಹೋಗಿರುವ ಸಾಧ್ಯತೆ ಇದೆ. ಕತ್ತಿ ಕಂಡದ್ದನ್ನು ತೆಗೆಯುತ್ತದೆ. ಕಾಣದ್ದನ್ನು ಹುಡುಕಿಕೊಂಡು ಹೋಗುವುದು ರಕ್ತದಲ್ಲಿ ಹರಿಯುವ ಔಷಧಿ ಮಾತ್ರ. ಅದಕ್ಕೇ ಕೀಮೋ ಮೊದಲು.

ಈ ಪಾಠ ವೈದ್ಯರಿಗೂ ಸುಲಭವಾಗಿ ಬಂದದ್ದಲ್ಲ. 1881ರ ಜನವರಿಯಲ್ಲಿ ವಿಯೆನ್ನಾ ನಗರದಲ್ಲಿ ಬಿಲ್‌ರೋತ್ ಎಂಬ ಪ್ರಸಿದ್ಧ ಶಸ್ತ್ರವೈದ್ಯರು 43 ವರ್ಷದ ಒಬ್ಬ ಹೆಂಗಸಿನ ಜಠರದ ಕ್ಯಾನ್ಸರ್ ಭಾಗವನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಕರುಳಿಗೆ ಜೋಡಿಸಿ ಹೊಲಿದರು. ಜಠರದ ಇಂತಹ ಆಪರೇಷನ್ ಆಗಿ ರೋಗಿ ಚೇತರಿಸಿಕೊಂಡದ್ದು ಅದೇ ಮೊದಲು. ಜಗತ್ತೇ ಬೆರಗಾಯಿತು. ಆಕೆ ಎದ್ದು ಓಡಾಡಿ ಮನೆಗೂ ಹೋದಳು. ಆದರೆ ಸುಮಾರು ನಾಲ್ಕು ತಿಂಗಳಿಗೆ ತೀರಿಕೊಂಡಳು. ಹೊಲಿಗೆ ಬಿಚ್ಚಿರಲಿಲ್ಲ, ಆಪರೇಷನ್ ಕೆಟ್ಟಿರಲಿಲ್ಲ. ಕಾಯಿಲೆ ಮೊದಲೇ ಬೇರೆ ಕಡೆ ಹರಡಿತ್ತು. ಆಪರೇಷನ್ ಗೆಲ್ಲುವುದು ಬೇರೆ, ಕಾಯಿಲೆ ಗೆಲ್ಲುವುದು ಬೇರೆ. ಅಂದಿನ ಆ ಸತ್ಯ ಇಂದಿಗೂ ಸತ್ಯ.

ಇತ್ತೀಚಿನ ಲೆಕ್ಕವನ್ನೂ ಹೇಳುತ್ತೇನೆ. ಜಪಾನ್, ದಕ್ಷಿಣ ಕೊರಿಯಾ, ಸಿಂಗಪುರದ ವೈದ್ಯರು ಸೇರಿ ಜಠರದ ಕ್ಯಾನ್ಸರ್ ಒಂದು ಕಡೆ ಹರಡಿದ್ದ 175 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬರೀ ಕೀಮೋ, ಇನ್ನೊಂದಕ್ಕೆ ಮೊದಲು ಜಠರದ ಆಪರೇಷನ್, ಆಮೇಲೆ ಕೀಮೋ. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡು ವರ್ಷದ ನಂತರ ಬದುಕಿದ್ದವರು ಬರೀ ಕೀಮೋ ಗುಂಪಿನಲ್ಲಿ ನೂರಕ್ಕೆ ಸುಮಾರು 32, ಆಪರೇಷನ್ ಮೊದಲಾದವರಲ್ಲಿ ಸುಮಾರು 25. ಕೊಯ್ದದ್ದರಿಂದ ಲಾಭವಾಗಲಿಲ್ಲ. ಕಾರಣ ನಮಗೂ ಅರ್ಥವಾಗುವಂಥದ್ದೇ. ಜಠರ ತೆಗೆದ ಮೇಲೆ ಊಟ ಸೇರುವುದಿಲ್ಲ, ತೂಕ ಇಳಿಯುತ್ತದೆ, ಸುಸ್ತು. ಆ ಮೈಗೆ ಪೂರ್ತಿ ಕೀಮೋ ತಡೆದುಕೊಳ್ಳುವ ಶಕ್ತಿ ಉಳಿಯುವುದಿಲ್ಲ.

ಕೀಮೋ ಮೊದಲು, ಆಮೇಲೆ ಆಪರೇಷನ್ ಎಂಬುದನ್ನೂ ಜರ್ಮನಿಯಲ್ಲಿ ಪರೀಕ್ಷಿಸಿದರು. 2024ರಲ್ಲಿ ಫಲಿತಾಂಶ ಹೊರಗೆ ಬಂತು. ಅಲ್ಲೂ ಒಟ್ಟಾರೆಯಾಗಿ ಎಲ್ಲರಿಗೂ ಉಪಯೋಗವಾಗಲಿಲ್ಲ. ದೂರದ ದುಗ್ಧರಸ ಗ್ರಂಥಿಗಳಿಗೆ ಮಾತ್ರ ಹರಡಿದ್ದವರಿಗೆ ಒಳ್ಳೆಯದಾದಂತೆ ಕಂಡಿತು. ಹೊಟ್ಟೆಯ ಒಳಪೊರೆಗೆ ಹರಡಿದ್ದವರಿಗೆ ಆಪರೇಷನ್ನಿನಿಂದ ಕೆಡುಕೇ ಆಯಿತು.

ಹಾಗಾದರೆ ಅಡ್ರಿನಲ್ ಗ್ರಂಥಿಯನ್ನು ತೆಗೆಯುವುದೇ ಇಲ್ಲವೆ? ತೆಗೆಯುತ್ತಾರೆ, ಆದರೆ ಆರಿಸಿ. ಜಠರದ ಕ್ಯಾನ್ಸರ್ ಈ ಒಂದೇ ಗ್ರಂಥಿಗೆ ಹರಡಿ ಬೇರೆಲ್ಲೂ ಇಲ್ಲದಿರುವುದು ಅಪರೂಪ. ಅಪರೂಪವಾದ್ದರಿಂದಲೇ ನೂರಾರು ರೋಗಿಗಳನ್ನು ಸೇರಿಸಿ ಲೆಕ್ಕ ಹಾಕಲು ಆಗಿಲ್ಲ. ಜಪಾನ್ ಮುಂತಾದ ಕಡೆ ಒಬ್ಬಿಬ್ಬರು ರೋಗಿಗಳ ವಿಷಯವಾಗಿ ವೈದ್ಯರು ಬರೆದಿದ್ದಾರೆ. ಕೆಲವರು ಗ್ರಂಥಿ ತೆಗೆದ ಮೇಲೆ ವರ್ಷಗಟ್ಟಲೆ ಬಾಳಿದ್ದಾರೆ. ವೈದ್ಯರು ಸಾಮಾನ್ಯವಾಗಿ ನೋಡುವುದು ಇಷ್ಟು: ಹರಡಿದ್ದು ಒಂದೇ ಕಡೆಯೆ? ಕೆಲವು ತಿಂಗಳ ಕೀಮೋಗೆ ಗಂಟುಗಳು ಕುಗ್ಗಿದವೆ, ಅಥವಾ ನಿಂತಲ್ಲೇ ನಿಂತವೆ? ಆ ಅವಧಿಯಲ್ಲಿ ಹೊಸ ಗಂಟು ಏಳಲಿಲ್ಲವೆ? ಹೊಟ್ಟೆಯ ಪೊರೆ ಶುದ್ಧವಾಗಿದೆಯೆ? ಮತ್ತು ರೋಗಿಯ ಮೈಯಲ್ಲಿ ದೊಡ್ಡ ಆಪರೇಷನ್ ತಡೆಯುವ ಶಕ್ತಿ ಇದೆಯೆ? ಎಲ್ಲಕ್ಕೂ ಒಳ್ಳೆಯ ಉತ್ತರ ಬಂದರೆ ಜಠರ, ಅದರ ಸುತ್ತಲಿನ ದುಗ್ಧರಸ ಗ್ರಂಥಿಗಳು, ಅಡ್ರಿನಲ್ ಎಲ್ಲವನ್ನೂ ತೆಗೆಯುವ ಮಾತು ಬರುತ್ತದೆ. ಹಾಗಾಗಿ “ಆಮೇಲೆ ನೋಡೋಣ” ಎಂಬುದು ಜಾರಿಕೊಳ್ಳುವ ಮಾತಲ್ಲ. ಆ ಮೂರು ನಾಲ್ಕು ತಿಂಗಳು ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು.

ನಮ್ಮ ಅಕ್ಕನದು ಸ್ವಲ್ಪ ಬೇರೆ ದಾರಿ. 2016ರಲ್ಲಿ ಅವರ ಜಠರವನ್ನು ಪೂರ್ತಿ ತೆಗೆದಿದ್ದರು. ಒಂದು ವರ್ಷ ಎಂಟು ತಿಂಗಳ ಮೇಲೆ ತಪಾಸಣೆಯ ಸ್ಕ್ಯಾನಿನಲ್ಲಿ ಎಡ ಅಡ್ರಿನಲ್‌ನಲ್ಲಿ ಗಂಟು. ಬೇರೆಲ್ಲೂ ಏನೂ ಇಲ್ಲ. ಆಗಲೂ ಡಾಕ್ಟರು ಅಂದದ್ದು ಇದೇ: “ಈಗಲೇ ಬೇಡ.” ಭಾವನವರು ಕುರ್ಚಿಯಿಂದ ಎದ್ದೇಬಿಟ್ಟರು. ಅಕ್ಕ ಮಾತ್ರ, “ಕೂತ್ಕೊಳ್ರೀ, ಯಾಕೆ ಅಂತ ಹೇಳ್ಲಿ ಅವರು” ಎಂದರು. ನಾಲ್ಕು ತಿಂಗಳು ಕೀಮೋ ಆಯಿತು. ಗಂಟು ಕುಗ್ಗಿತ್ತು, ಹೊಸದು ಹುಟ್ಟಿರಲಿಲ್ಲ. 2018ರ ಮೇ ತಿಂಗಳಲ್ಲಿ ಆ ಗ್ರಂಥಿ ತೆಗೆದರು. ಐದನೆಯ ದಿನ ಮನೆಗೆ ಬಂದರು. ಅದಾದ ಮೇಲೆ ಮೂರು ವರ್ಷಕ್ಕೂ ಹೆಚ್ಚು ಇದ್ದರು. ಮಗಳ ಮದುವೆಗೆ ತಾವೇ ನಿಂತು ಚಕ್ಕಲಿ ಹಿಟ್ಟಿನ ಹದ ಹೇಳಿದರು, ಮೊಮ್ಮಗನಿಗೆ ಎಣ್ಣೆ ನೀರು ಹಾಕಿದರು. ಕೊನೆಗೆ ಕಾಯಿಲೆ ಯಕೃತ್ತಿನಲ್ಲಿ ಹಲವು ಕಡೆ ಕಾಣಿಸಿತು. ಆಗ ಡಾಕ್ಟರು ಮತ್ತೆ ‘ಬೇಡ’ ಎಂದರು. ಆ ಸಲದ ‘ಬೇಡ’ಕ್ಕೆ ಮುಂದೆ ‘ನೋಡೋಣ’ ಇರಲಿಲ್ಲ. ಆದರೆ ನೋವಿಗೆ ಔಷಧಿ ಕೊಟ್ಟರು. ವಾಂತಿಗೆ, ನಿದ್ದೆಗೆ ಏನು ಬೇಕೋ ಅದನ್ನೂ ಕೊಟ್ಟು ಮನೆಯಲ್ಲೇ ನೋಡಿಕೊಳ್ಳುವುದು ಹೇಗೆಂದು ನಮಗೆ ಕಲಿಸಿದರು. ಅಕ್ಕ ಒಂದು ದಿನ ನನ್ನ ಕೈ ಹಿಡಿದು, “ಬೇಡ ಅಂದೋರು ಬಿಟ್ಟು ಹೋಗಿಲ್ಲ ಕಣೇ. ಬೇಡ ಅಂದ ಮೇಲೂ ಫೋನ್ ಎತ್ತುತಾರೆ ನೋಡು” ಎಂದರು. 2021ರ ಆಗಸ್ಟ್‌ನಲ್ಲಿ ಹೋದರು. ಆ ಮೂರು ವರ್ಷ ನಮ್ಮ ಮನೆಗೆ ಕಮ್ಮಿಯದಲ್ಲ.

ಒಬ್ಬರಿಗೆ ಆದದ್ದು ಇನ್ನೊಬ್ಬರಿಗೆ ಹಾಗೇ ಆಗುತ್ತದೆಂದು ಇದನ್ನು ಹೇಳಲಿಲ್ಲ. ಅಕ್ಕನಿಗೆ ಮೊದಲ ಆಪರೇಷನ್ ಆಗಿ ಬಹಳ ದಿನದ ಮೇಲೆ ಒಂಟಿ ಗಂಟು ಎದ್ದಿತ್ತು. ಕಾಗದ ಬರೆದ ಸೋದರಿಯ ಯಜಮಾನರಿಗೆ ಎರಡೂ ಒಟ್ಟಿಗೇ ಕಂಡಿವೆ. ಎರಡನೆಯದರಲ್ಲಿ ವೈದ್ಯರು ಇನ್ನೂ ಹೆಚ್ಚು ಎಚ್ಚರಿಕೆಯಿಂದ ಹೆಜ್ಜೆ ಇಡುತ್ತಾರೆ.

ಸೋದರಿ, ಈಗ ನೀವು ಮಾಡಬೇಕಾದ್ದು ಹೇಳುತ್ತೇನೆ. ಮೈದುನನೊಡನೆ ಜಗಳ ಬೇಡ. ಅವರದು ಅಣ್ಣನ ಮೇಲಿನ ಪ್ರೀತಿ. ಮುಂದಿನ ಸಲ ಅವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಒಂದು ನೋಟ್‌ಬುಕ್ಕಿನಲ್ಲಿ ಈ ಪ್ರಶ್ನೆಗಳನ್ನು ಬರೆದುಕೊಳ್ಳಿ:

1. ಗ್ರಂಥಿಯ ಗಂಟು ಕ್ಯಾನ್ಸರೇ ಎಂದು ಹೇಗೆ ಖಚಿತ ಮಾಡಿಕೊಂಡಿರಿ? ಹಾರ್ಮೋನು ಪರೀಕ್ಷೆ ಆಗಿದೆಯೆ?

2. ಹೊಟ್ಟೆಯ ಒಳಪೊರೆಗೆ ಹರಡಿಲ್ಲವೆಂದು ದುರ್ಬೀನು ಹಾಕಿ ನೋಡುವ ಅಗತ್ಯ ಇದೆಯೆ?

3. ತೆಗೆದ ಚೂರಿನ ಮೇಲೆ ಹರ್-2 ಮುಂತಾದ ಪರೀಕ್ಷೆ ಮಾಡಿಸಿದ್ದೀರಾ? (ಕೆಲವರಿಗೆ ಕೀಮೋ ಜತೆಗೆ ಬೇರೆ ಔಷಧಿಯೂ ನಾಟುತ್ತದೆ, ಅದು ಯಾರಿಗೆ ಎಂದು ಈ ಪರೀಕ್ಷೆಯಿಂದ ತಿಳಿಯುತ್ತದೆ.)

4. ಮತ್ತೆ ಸ್ಕ್ಯಾನ್ ಯಾವಾಗ? ಅದರಲ್ಲಿ ಏನು ಕಂಡರೆ ಆಪರೇಷನ್, ಏನು ಕಂಡರೆ ಬೇಡ?

5. ಶಸ್ತ್ರವೈದ್ಯರು, ಕೀಮೋ ವೈದ್ಯರು, ಸ್ಕ್ಯಾನ್ ನೋಡುವವರು ಎಲ್ಲ ಒಟ್ಟಿಗೆ ಕೂತು ಇವರ ವಿಷಯ ಮಾತಾಡಿದ್ದಾರೆಯೆ?

ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದು ತಪ್ಪಲ್ಲ. ಎಲ್ಲ ರಿಪೋರ್ಟು, ಸ್ಕ್ಯಾನಿನ ಸಿ.ಡಿ., ಬಯಾಪ್ಸಿಯ ಗಾಜಿನ ಪಟ್ಟಿ ತೆಗೆದುಕೊಂಡು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂತಹ ಕ್ಯಾನ್ಸರಿಗೇ ಮೀಸಲಾದ ಕಡೆ ತೋರಿಸಿ. ಆದರೆ ಯಾರು ‘ಕೊಯ್ತೀನಿ’ ಅಂತಾರೋ ಅವರೇ ಒಳ್ಳೆಯ ಡಾಕ್ಟರು ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಕೀಮೋ ಶುರುವಾಗುವುದನ್ನು ತಡ ಮಾಡಬೇಡಿ. ತೋಟದ ಮಾತಿಗೂ ಅವಸರ ಬೇಡ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಆಧಾರ್, ರೇಷನ್ ಕಾರ್ಡ್ ಹಿಡಿದು ಮೊದಲು ಅದನ್ನು ವಿಚಾರಿಸಿ.

ಇನ್ನು ನಮ್ಮ ಕೈಯಲ್ಲಿರುವ ಕೆಲಸ, ಅಡುಗೆಮನೆಯದು. ಕೀಮೋ ನಡೆಯುವಾಗ ತೂಕ ಉಳಿಸಿಕೊಳ್ಳುವುದೇ ದೊಡ್ಡ ಸೇವೆ. ಮುಂದೆ ಆಪರೇಷನ್ ಮಾಡಬಹುದೆ ಎಂದು ಕೇಳುವಾಗ ಮೈಯ ಶಕ್ತಿಯನ್ನೂ ಲೆಕ್ಕ ಹಾಕುತ್ತಾರೆ ಎಂದೆನಲ್ಲ, ಅದಕ್ಕೆ. ದಿನಕ್ಕೆ ಮೂರು ಊಟದ ಬದಲು ಆರು ಪುಟ್ಟ ಊಟ ಮಾಡಿಸಿ. ಜಠರ ತೆಗೆದ ಮೇಲಂತೂ ಅದೇ ಶಾಶ್ವತ ಕ್ರಮ. ಆಹಾರ ಇಳಿಸಿಕೊಳ್ಳುವ ಚೀಲವೇ ಇಲ್ಲ, ಅನ್ನನಾಳವನ್ನು ನೇರ ಕರುಳಿಗೇ ಜೋಡಿಸಿರುತ್ತಾರೆ. ಅಕ್ಕನಿಗೆ ನಾವು ಹಾಕಿಕೊಂಡಿದ್ದ ಪಟ್ಟಿ ಹೀಗಿತ್ತು:

ಬೆಳಿಗ್ಗೆ 7ಕ್ಕೆ: ಎರಡು ಮೆತ್ತನೆ ಇಡ್ಲಿ, ಗಟ್ಟಿ ತೊವ್ವೆ.
9.30ಕ್ಕೆ: ಬೇಯಿಸಿದ ಮೊಟ್ಟೆ ಒಂದು. ಮೊಟ್ಟೆ ತಿನ್ನದವರಿಗೆ ಪನೀರು ಅಥವಾ ಹೆಸರುಬೇಳೆ ಹುಗ್ಗಿ.
12ಕ್ಕೆ: ಒಂದು ಹಿಡಿ ಮೆತ್ತನ್ನ, ಬೇಳೆ, ಚೆನ್ನಾಗಿ ಬೆಂದ ಕುಂಬಳ ಅಥವಾ ಸೋರೆಕಾಯಿ, ಒಂದು ಚಮಚ ತುಪ್ಪ.
3ಕ್ಕೆ: ಸಕ್ಕರೆ ಹಾಕದ ರಾಗಿ ಗಂಜಿ, ಕಡೆದ ಮಜ್ಜಿಗೆ ಬೆರೆಸಿ.
5.30ಕ್ಕೆ: ಹುರಿಗಡಲೆ ಪುಡಿ ಕಲಸಿದ ಅವಲಕ್ಕಿ, ನೆನೆಸಿ ಮೆತ್ತಗೆ ಮಾಡಿದ್ದು.
8ಕ್ಕೆ: ಮೆತ್ತನೆ ಚಪಾತಿ ಒಂದು, ಪಲ್ಯ, ಮೊಸರು.

ಊಟದ ನಡುವೆ ಲೋಟಗಟ್ಟಲೆ ನೀರು ಬೇಡ. ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಆಮೇಲೆ ಗುಟುಕು ಗುಟುಕಾಗಿ ಕೊಡಿ. ಪಾಯಸ, ಶರಬತ್ತು ಕುಡಿದರೆ ಎದೆ ಡವಡವ, ಬೆವರು, ತಲೆ ಸುತ್ತು ಬರಬಹುದು. ಸಿಹಿ ಒಮ್ಮೆಗೇ ಕರುಳಿಗೆ ಇಳಿಯುವುದರಿಂದ ಹೀಗಾಗುತ್ತದೆ. ದೃಷ್ಟಿ ತಾಗಿತೆಂದು ನೀವಾಳಿಸಿ ಸುಮ್ಮನಾಗಬೇಡಿ, ಸಿಹಿ ಕಡಿಮೆ ಮಾಡಿ. ಜಠರ ಪೂರ್ತಿ ತೆಗೆದವರಿಗೆ ಬಿ-12 ಊಟದಿಂದ ಮೈಗೆ ಹತ್ತುವುದಿಲ್ಲ. ಡಾಕ್ಟರು ಹೇಳಿದ ಹಾಗೆ ಇಂಜೆಕ್ಷನ್ ಜೀವನ ಪೂರ್ತಿ ಬೇಕು.

ಅಡ್ರಿನಲ್ ಒಂದನ್ನು ತೆಗೆದರೆ ಸಾಮಾನ್ಯವಾಗಿ ಇನ್ನೊಂದು ಸಂಸಾರ ತೂಗಿಸುತ್ತದೆ. ಎರಡನ್ನೂ ತೆಗೆದರೆ, ಅಥವಾ ಉಳಿದದ್ದು ಕೆಲಸ ಮಾಡದಿದ್ದರೆ, ಅದರ ಬದಲಿಗೆ ಸ್ಟೀರಾಯ್ಡ್ ಮಾತ್ರೆ ದಿನಾ ನುಂಗಬೇಕು. ಒಂದು ದಿನವೂ ತಪ್ಪಿಸುವಂತಿಲ್ಲ. ಜ್ವರ, ವಾಂತಿ, ಭೇದಿ ಬಂದಾಗ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಕೂಡಲೆ ಡಾಕ್ಟರಿಗೆ ತಿಳಿಸಿ. ‘ಸ್ಟೀರಾಯ್ಡ್ ಕೆಟ್ಟದ್ದು’ ಎಂದು ಯಾರಾದರೂ ಹೇಳಿದರೆಂದು ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಜೇಬಿನಲ್ಲಿ ಒಂದು ಚೀಟಿ ಸದಾ ಇರಲಿ.

ಕೊನೆಯದಾಗಿ ನಮ್ಮೆಲ್ಲರಿಗೂ ಒಂದು ಮಾತು. ಕಾಯಿಲೆ ಜಠರದೊಳಗೇ ಇರುವಾಗ ಸಿಕ್ಕರೆ ಈ ‘ಬೇಕೆ, ಬೇಡವೆ’ ಎಂಬ ತೊಳಲಾಟವೇ ಬಹುಮಟ್ಟಿಗೆ ಇರುವುದಿಲ್ಲ. ಆಗ ಕತ್ತಿಯೇ ನಿಜವಾದ ಔಷಧಿ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ವಾರಗಟ್ಟಲೆ ಬಿಡದ ಹೊಟ್ಟೆ ಉರಿ, ಕಾರಣವಿಲ್ಲದೆ ತೂಕ ಇಳಿಯುವುದು, ಟಾರಿನಂತೆ ಕಪ್ಪಾದ ಮಲ, ಏರದ ರಕ್ತಹೀನತೆ, ನುಂಗಲು ಕಷ್ಟ, ಮತ್ತೆ ಮತ್ತೆ ವಾಂತಿ: ಇವುಗಳಲ್ಲಿ ಯಾವುದಿದ್ದರೂ ಗ್ಯಾಸಿನ ಮಾತ್ರೆಯಲ್ಲಿ ದಿನ ದೂಡಬೇಡಿ. ಆ ಮಾತ್ರೆ ಉರಿಯನ್ನು ಅಡಗಿಸುತ್ತದೆ, ಕಾಯಿಲೆಯನ್ನೂ ಕೆಲವು ದಿನ ಮರೆಮಾಡಬಹುದು. ಎಂಡೋಸ್ಕೋಪಿ ಕೆಲವೇ ನಿಮಿಷದ ಪರೀಕ್ಷೆ. ಯಜಮಾನರಿಗಾದರೆ ಬಲವಂತ ಮಾಡಿಯಾದರೂ ಕಳಿಸುತ್ತೇವೆ. ನಮ್ಮ ಹೊಟ್ಟೆಯ ವಿಷಯ ಬಂದರೆ ‘ಹಬ್ಬ ಮುಗೀಲಿ’, ‘ಪರೀಕ್ಷೆ ಮುಗೀಲಿ’ ಅನ್ನುತ್ತೇವೆ. ಹಬ್ಬಗಳು ಮುಗಿಯುವುದೇ ಇಲ್ಲ ಕಣ್ರೀ. ಈ ವಾರವೇ ಹೋಗಿ ಬನ್ನಿ.